ಸಂಜೆ ಐದಕ್ಕೆ ಅಪ್ಪ ಹೊರಡುವ ಜಾಗ

ಅಮ್ಮ ಹೋದ ಮೇಲೆ ಅಪ್ಪ ಸೋಮವಾರಪೇಟೆ ಹತ್ತಿರದ ತೋಟದ ಮನೆಯಲ್ಲಿ ಒಬ್ಬರೇ ಇದ್ದಾರೆ. ಮಿಲಿಟರಿಯಲ್ಲಿ 24 ವರ್ಷ ಇದ್ದು ಸುಬೇದಾರ್ ಆಗಿ ಬಂದವರು. ನಾನು ಬೆಂಗಳೂರಲ್ಲಿ. ಇಲ್ಲಿಗೇ ಬಂದುಬಿಡಿ ಅಪ್ಪ ಅಂತ ಕರೆದಾಗೆಲ್ಲ ಅವರದ್ದು ಒಂದೇ ಮಾತು: "ಅಲ್ಲಿ ಸಂಜೆ ಐದಕ್ಕೆ ನಾನು ಎಲ್ಲಿಗೆ ಹೋಗ್ಲಿ ಮಗಳೇ?"

ಐದಕ್ಕೆ ಅವರು ಹೋಗುವುದು ಪೇಟೆಯ ಕ್ಲಬ್ಬಿಗೆ. ಹೆಂಚಿನ ಸಣ್ಣ ಕಟ್ಟಡ, ಒಂದು ಕೇರಂ ಬೋರ್ಡ್, ಮಡಿಕೇರಿಯಿಂದ ಬರುವ 'ಶಕ್ತಿ' ಪೇಪರ್, ಗೋಡೆ ಮೇಲೆ ಕಾರ್ಯಪ್ಪ, ತಿಮ್ಮಯ್ಯನವರ ಫೋಟೋ. ಕಾರ್ಯಪ್ಪನವರು 1899ರಲ್ಲಿ ಹುಟ್ಟಿದ್ದು ಇಲ್ಲೇ ಶನಿವಾರಸಂತೆಯಲ್ಲಿ, ಹಾಗಾಗಿ ಇವರಿಗೆಲ್ಲ ಅವರು ಮನೆಯವರ ಹಾಗೆ. 1949ರ ಜನವರಿ 15ರಂದು ಅವರು ಸೈನ್ಯದ ಮೊದಲ ಭಾರತೀಯ ದಂಡನಾಯಕರಾದರಲ್ಲ, ಪ್ರತಿ ವರ್ಷ ಆ ದಿನ ಬೆಳಿಗ್ಗೆಯೇ ಎಲ್ಲರೂ ಇಸ್ತ್ರಿ ಕೋಟು ಹಾಕಿಕೊಂಡು ಬಂದು ಫೋಟೋಗೆ ಹಾರ ಹಾಕುತ್ತಾರೆ.

ಆದರೆ ಆ ಜಾಗದ ಜೀವ ಇರುವುದು ಇಪ್ಪತ್ತೆಂಟರ ಟೇಬಲ್ಲಿನಲ್ಲಿ. ಇಸ್ಪೀಟಿನ ಆಟ, ದುಡ್ಡು ಕಟ್ಟುವುದಿಲ್ಲ. ಗುಲಾಮನಿಗೆ 3, ಒಂಬತ್ತಕ್ಕೆ 2, ಎಕ್ಕ ಮತ್ತು ಹತ್ತಕ್ಕೆ ಒಂದೊಂದು, ನಾಲ್ಕೂ ಬಣ್ಣ ಸೇರಿದರೆ 28. ಇಬ್ಬಿಬ್ಬರ ಜೋಡಿ, ಒಟ್ಟು ನಾಲ್ಕು ಜನ. ಒಬ್ಬರು ಬಾರದಿದ್ದರೆ ಆಟ ನಿಲ್ಲುತ್ತದೆ. ಆಟ ನಿಂತರೆ ಯಾರೋ ಫೋನ್ ಮಾಡುತ್ತಾರೆ. ಫೋನ್ ಎತ್ತದಿದ್ದರೆ ಒಬ್ಬರು ಜೀಪ್ ಹತ್ತಿ ಮನೆಗೇ ಹೋಗುತ್ತಾರೆ. ಕೊಡಗಿನಲ್ಲಿ ಮನೆಗಳು ಒಂದಕ್ಕೊಂದು ಎಷ್ಟು ದೂರ ಅಂತ ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಕೂಗಿದರೆ ಕೇಳುವಷ್ಟು ಹತ್ತಿರ ನಮ್ಮ ಮನೆಗೆ ಯಾರೂ ಇಲ್ಲ.

2018ರ ಆಗಸ್ಟಿನಲ್ಲಿ ಮಕ್ಕಂದೂರು, ಮಾದಾಪುರ, ಜೋಡುಪಾಲದ ಕಡೆ ಗುಡ್ಡಗಳು ಜರಿದವಲ್ಲ, ಆಗ ಮೂರು ದಿನ ಅಪ್ಪನ ಫೋನ್ ಸಿಗಲಿಲ್ಲ. ಕರೆಂಟಿಲ್ಲ, ಟವರಿಲ್ಲ, ರಸ್ತೆಗೆ ಮಣ್ಣು ಬಿದ್ದಿತ್ತು. ನಾನು ಟಿವಿ ಮುಂದೆ ಕೂತು ಅತ್ತಿದ್ದೇ ಅತ್ತಿದ್ದು. ಮೂರನೇ ದಿನ ಸಂಜೆ ಗೊತ್ತಿಲ್ಲದ ನಂಬರಿಂದ ಫೋನ್ ಬಂತು. "ನಿಮ್ಮ ಅಪ್ಪ ಚೆನ್ನಾಗಿದ್ದಾರೆ ಮಗಾ, ಮನೆ ಹಿಂದಿನ ಬರೆ ಸ್ವಲ್ಪ ಕುಸಿದಿದೆ ಅಷ್ಟೇ." ಅಪ್ಪನ ಆಟದ ಜೋಡಿ ಅವರು. 70 ದಾಟಿದವರು, ಆ ಮಳೆಯಲ್ಲಿ ಕೊಡೆ ಹಿಡಿದು ತೋಟದೊಳಗೆ ನಡೆದೇ ಹೋಗಿ ನೋಡಿ, ಸಿಗ್ನಲ್ ಸಿಗುವ ಕಡೆ ಬಂದು ನನಗೆ ಹೇಳಿದ್ದರು.

ಇನ್ನೊಂದು ಸಲ ಕಷ್ಟ ಬಂದಿದ್ದು ನವೆಂಬರಿನಲ್ಲಿ. ಪಿಂಚಣಿಯವರು ಬದುಕಿದ್ದೇವೆ ಅಂತ ವರ್ಷಕ್ಕೊಮ್ಮೆ ತೋರಿಸುವ ಜೀವನ ಪ್ರಮಾಣ ಪತ್ರ ಇದೆಯಲ್ಲ, ಅದಕ್ಕೆ ಅಪ್ಪನ ಬೆರಳಚ್ಚು ಬೀಳಲೇ ಇಲ್ಲ. ತೋಟದ ಕೆಲಸ ಮಾಡಿ ಮಾಡಿ ಬೆರಳು ಸವೆದಿತ್ತು. ಬ್ಯಾಂಕಿನವರು ಮೂರು ಸಲ ವಾಪಸ್ ಕಳಿಸಿದರು. ಎದುರಿಗೆ ನಿಂತ ಮನುಷ್ಯನನ್ನು ನೋಡಿ, ಮೆಷಿನ್ ಒಪ್ಪುತ್ತಿಲ್ಲ ಅನ್ನುವುದು ಸರಿಯಾ? ಎರಡು ತಿಂಗಳ ದುಡ್ಡು ನಿಂತಿತು. ಕ್ಲಬ್ಬಿನಲ್ಲಿ ನಿವೃತ್ತ ಮೇಷ್ಟ್ರೊಬ್ಬರಿದ್ದಾರೆ. ಫೋನಿನಲ್ಲಿ ಮುಖ ತೋರಿಸಿ, ಕಣ್ಣು ಮಿಟುಕಿಸಿ ಅದನ್ನು ಮಾಡುವ ದಾರಿ 2021ರಿಂದ ಇದೆ ಅಂತ ಅವರೇ ಹುಡುಕಿ ಕಲಿತು ಅಪ್ಪನದ್ದನ್ನು ಮುಗಿಸಿಕೊಟ್ಟರು. ಈಗ ಪ್ರತಿ ನವೆಂಬರ್ ಅವರ ಟೇಬಲ್ ಮುಂದೆ ಸಾಲು ಇರುತ್ತದೆ. 80 ದಾಟಿದವರು ಅಕ್ಟೋಬರಿನಲ್ಲೇ ಕೊಡಬಹುದು ಅಂತ ಬೋರ್ಡಿನಲ್ಲಿ ದೊಡ್ಡದಾಗಿ ಬರೆದಿಟ್ಟಿದ್ದಾರೆ.

ಆ ಸಾಲಿನಲ್ಲಿ ಕುಟುಂಬ ಪಿಂಚಣಿಯ ಹೆಂಗಸರೂ ಬರುತ್ತಾರೆ. ಉಳಿದ ದಿನ ಅವರಿಗೆ ಅಲ್ಲಿ ಜಾಗ ಇಲ್ಲ. ಇದು ನನಗೆ ಇಷ್ಟವಾಗುವುದಿಲ್ಲ. ಅವರೂ ತೋಟದ ಮನೆಗಳಲ್ಲಿ ಒಂಟಿಯಾಗಿಯೇ ಇರುವವರು ಅಲ್ವಾ? ಅವರು ಒಂದು ದಿನ ಕಾಣದಿದ್ದರೆ ಜೀಪ್ ಹತ್ತುವವರು ಯಾರು? ಅಪ್ಪನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಮುಂದಿನ ಮೀಟಿಂಗಿನಲ್ಲಿ ಎತ್ತುತ್ತೇನೆ ಅಂದರು. ಎತ್ತಿದ್ದಾರೆ. ಇನ್ನೂ ತೀರ್ಮಾನ ಆಗಿಲ್ಲ.

ಈ ನವೆಂಬರಿಗೆ ನಾನೂ ರಜೆ ಹಾಕಿ ಹೋಗುತ್ತಿದ್ದೇನೆ. ಮೇಷ್ಟ್ರ ಪಕ್ಕ ಇನ್ನೊಂದು ಫೋನ್ ಇದ್ದರೆ ಸಾಲು ಬೇಗ ಮುಗಿಯುತ್ತದೆ.