ಅಭ್ಯಾಸ ಪಾಠ ನೋಡುವವರ ವಹಿಯಲ್ಲಿ ಏನಿರಬೇಕು

ಪ್ರಶಿಕ್ಷಣಾರ್ಥಿಗಳು, ಅಂದರೆ ಶಿಕ್ಷಕರಾಗಲು ಕಲಿಯುವವರು, ಶಾಲೆಯಲ್ಲಿ ಮಾಡುವ ಪಾಠವೇ ಅಭ್ಯಾಸ ಪಾಠ; ಕಾಲೇಜಿನ ಮೇಲ್ವಿಚಾರಕರು ಅದನ್ನು ಕೂತು ನೋಡಿ ತಮ್ಮ ವಹಿಯಲ್ಲಿ ಬರೆಯುತ್ತಾರೆ. 1950ರ ಸುಮಾರಿಗೆ ಶಿಕ್ಷಕರ ತರಬೇತಿ ಕಾಲೇಜು ಸೇರಿದ ಪ್ರಾಧ್ಯಾಪಕರು ನಿವೃತ್ತರಾಗುವಷ್ಟರಲ್ಲಿ ಪಾಠಯೋಜನೆಯ ರೂಪವೇ ಬದಲಾಗಿತ್ತು. ಅವರು ಕಲಿತದ್ದು ಜರ್ಮನ್ ಶಿಕ್ಷಣತಜ್ಞ ಹರ್ಬಾರ್ಟನ ಶಿಷ್ಯಪರಂಪರೆಯ ಐದು ಹಂತ: ಪೀಠಿಕೆ, ನಿರೂಪಣೆ, ಹೋಲಿಕೆ, ಸಾಮಾನ್ಯೀಕರಣ, ಅನ್ವಯ. 1956ರಲ್ಲಿ ಅಮೆರಿಕದ ಶಿಕ್ಷಣತಜ್ಞ ಬ್ಲೂಮ್ ಮತ್ತು ಸಂಗಡಿಗರ ಕಲಿಕೆಯ ಉದ್ದೇಶಗಳ ವರ್ಗೀಕರಣ ಪ್ರಕಟವಾಯಿತು. 1963ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಹುಟ್ಟಿದ ಸೂಕ್ಷ್ಮ ಬೋಧನೆ (ಒಂದೇ ಕೌಶಲವನ್ನು ಚಿಕ್ಕ ಗುಂಪಿನೆದುರು ಕೆಲವೇ ನಿಮಿಷ ಅಭ್ಯಾಸ ಮಾಡುವ ಕ್ರಮ) ಆಮೇಲೆ ಇಲ್ಲಿಗೂ ಬಂತು. ಹಿಂದಿನ ಬೆಂಚಿನಲ್ಲಿ ಕೂತು ಪಾಠ ನೋಡಿ ಬರೆಯುವ ಕೆಲಸ ಮಾತ್ರ ಹಾಗೇ ಉಳಿಯಿತು. ಬಿ.ಎಡ್. ಕಾಲೇಜಿನಲ್ಲಿ ಎಲ್ಲಕ್ಕಿಂತ ತೂಕದ ಕೆಲಸ ಇದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

‘ಧ್ವನಿ ಚೆನ್ನಾಗಿದೆ, ಕಪ್ಪುಹಲಗೆ ಬಳಕೆ ಸುಧಾರಿಸಲಿ’ ಎಂದು ಬರೆದರೆ ಪ್ರಶಿಕ್ಷಣಾರ್ಥಿಗೆ ನಾಳೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಪುಟದ ಎಡಕ್ಕೆ ಗಡಿಯಾರದ ಸಮಯ ಹಾಕಿ. ಕೇಳಿದ ಪ್ರಶ್ನೆಗಳನ್ನು ಕೇಳಿದ ಮಾತಿನಲ್ಲೇ ಬರೆಯಿರಿ. ತರಗತಿಯ ಆಸನಗಳ ಚಿಕ್ಕ ನಕ್ಷೆ ಬರೆದುಕೊಂಡು, ಯಾರು ಉತ್ತರಿಸಿದರೋ ಅಲ್ಲಿ ಗೀಟು ಹಾಕಿ. ಹತ್ತು ನಿಮಿಷದೊಳಗೆ ಗೀಟುಗಳೆಲ್ಲ ಮುಂದಿನ ಎರಡು ಸಾಲಲ್ಲೇ ಗುಂಪುಗೂಡಿರುವುದು ಕಾಣುತ್ತದೆ. ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾದರೆಂಬುದನ್ನೂ ಗುರುತಿಸಿ. ಸಾಮಾನ್ಯವಾಗಿ ಶಿಕ್ಷಕರು ಒಂದು ಸೆಕೆಂಡ್‌ ಆಚೀಚೆ ಕಾಯುತ್ತಾರೆ. ಮೂರು ಸೆಕೆಂಡ್ ಕಾದರೆ ಉತ್ತರ ಉದ್ದವಾಗುತ್ತದೆ, ಹಿಂದಿನ ಸಾಲಿನವರೂ ಬಾಯಿಬಿಡುತ್ತಾರೆ. ಮನೆಯಲ್ಲಿ ಕೊಂಕಣಿ ಆಡುವ ಕಾರವಾರ, ಅಂಕೋಲೆಯ ಮಕ್ಕಳಿಗೆ ಈ ಮೂರು ಸೆಕೆಂಡ್ ಬೇಕೇ ಬೇಕು.

40 ನಿಮಿಷದ ಅವಧಿಯಲ್ಲಿ ಹೆಚ್ಚಾಗಿ ಕೆಡುವುದು ಪೀಠಿಕೆ. ಅದಕ್ಕೆ ಐದು ನಿಮಿಷ ಸಾಕು. ಹನ್ನೆರಡಕ್ಕೆ ಎಳೆದರೆ ಗಂಟೆ ಹೊಡೆಯುವಾಗ ಅನ್ವಯವೇ ಬಿಟ್ಟುಹೋಗಿರುತ್ತದೆ, ಮಕ್ಕಳಿಗೆ ತಿಳಿಯಿತೋ ಇಲ್ಲವೋ ನೋಡಲು ಉಳಿಯುವುದು ಏನೂ ಇಲ್ಲ. ಘಟ್ಟದ ಮೇಲಿಂದ ಬಂದ ಪ್ರಶಿಕ್ಷಣಾರ್ಥಿ ಕುಮಟೆಯ ಹೊಳೆಯಂಚಿನ ಶಾಲೆಯಲ್ಲಿ ಉಬ್ಬರವಿಳಿತದ ಪಾಠಕ್ಕೆ ಚಾರ್ಟ್ ತೋರಿಸಿ ‘ಇದೇನು?’ ಎಂದು ಶುರುಮಾಡಿದರೆ ಸಮಯ ಸೋರಿಹೋಗುತ್ತದೆ. ‘ನಿನ್ನೆಗಿಂತ ಇವತ್ತು ನೀರು ಎಷ್ಟು ತಡವಾಗಿ ಏರಿತು?’ ಎಂದು ಕೇಳಲಿ. ಅಘನಾಶಿನಿ ಹೊಳೆಯ ದಂಡೆಯ, ಗಜನಿ ಗದ್ದೆ (ಉಬ್ಬರದ ಉಪ್ಪುನೀರು ಬರುವ ಗದ್ದೆ) ಕಂಡ ಮಕ್ಕಳು ಸುಮಾರು ಮುಕ್ಕಾಲು ತಾಸು ಎಂದಾರು. ಲೆಕ್ಕದ ಪ್ರಕಾರ 50 ನಿಮಿಷ. ಚಂದ್ರನ ವಿಷಯಕ್ಕೆ ಅಲ್ಲಿಂದ ನೇರ ದಾರಿ.

ಸೂಕ್ಷ್ಮ ಬೋಧನೆಯಲ್ಲಿ ನಮ್ಮ ದೇಶದ ರೂಢಿಯ ಲೆಕ್ಕ 36 ನಿಮಿಷ: ಬೋಧನೆ 6, ಹಿಮ್ಮಾಹಿತಿ (ನೋಡಿದವರು ಹೇಳುವ ಅಭಿಪ್ರಾಯ) 6, ಮರುಯೋಜನೆ 12, ಮರುಬೋಧನೆ 6, ಮತ್ತೆ ಹಿಮ್ಮಾಹಿತಿ 6. ಸಮಯ ಸಾಲದಿದ್ದಾಗ ಕತ್ತರಿ ಬೀಳುವುದು ಮರುಯೋಜನೆಗೆ. ಆ 12 ನಿಮಿಷ ಹೋದರೆ ಮರುಬೋಧನೆ ಅದೇ ತಪ್ಪಿನ ಪುನರಾವರ್ತನೆ.

ಪಾಠ ಮುಗಿದ ದಿನವೇ ಮಾತಾಡಿ. ಮೊದಲು ಅವರೇ ಹೇಳಲಿ, ಆಮೇಲೆ ಗೀಟಿನ ನಕ್ಷೆ ತೋರಿಸಿ. ಮುಂದಿನ ಪಾಠಕ್ಕೆ ಒಂದೇ ಬದಲಾವಣೆ ಕೇಳಿ, ಅದನ್ನು ವಹಿಯಲ್ಲಿ ಬರೆದಿಡಿ. ಆ ಪಾಠಕ್ಕೆ ಬೇರೆ ಮೇಲ್ವಿಚಾರಕರು ಹೋದರೂ ಮೊದಲು ಅದನ್ನೇ ನೋಡಲಿ.