ಮಾವನ ಮುಖ, ಬಣ್ಣ ಹಚ್ಚುವ ಮೊದಲು

ಕಂಪ್ಯೂಟರಿನಲ್ಲಿ ಕಡೆಯುತ್ತಿರುವ ಬೂದು ಬಣ್ಣದ ತಲೆ ಈಗ ಮಾವನದೇ ಎನ್ನುವಂತಾಗಿದೆ. ಕೂದಲಿಲ್ಲ, ಹುಬ್ಬಿಲ್ಲ, ಚರ್ಮಕ್ಕೆ ಬಣ್ಣವಿಲ್ಲ. ಆದರೂ ಕಿನ್ನಿಗೋಳಿಯ ಮನೆಯ ಚಾವಡಿಯಲ್ಲಿ ಲ್ಯಾಪ್‌ಟಾಪ್ ತೆರೆದ ಕೂಡಲೇ ಅತ್ತೆ ಗುರುತು ಹಿಡಿದರು. ಹಿಡಿದವರೇ ಕೇಳಿದರು: "ಇವರಿಗೆ ಯಾರ ಮೇಲೆ ಸಿಟ್ಟು?" ಆ ಪ್ರಶ್ನೆಗೆ ಆಮೇಲೆ ಬರುತ್ತೇನೆ.

ಯೋಜನೆ ಇಷ್ಟು: ಮಾವ ತೆಂಕುತಿಟ್ಟು ಯಕ್ಷಗಾನದ ಹವ್ಯಾಸಿ ವೇಷಧಾರಿ, ಬಣ್ಣದ ವೇಷದವರು, ಅಂದರೆ ರಾಕ್ಷಸ ಪಾತ್ರಗಳವರು. ಅವರ ತಲೆಯನ್ನು ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ಕಡೆದು, ಅದೇ ಮುಖದ ಮೇಲೆ ಮುಖವರ್ಣಿಕೆ ಕೂರಿಸಬೇಕು. ಬಣ್ಣದ ಅಡಿಯಲ್ಲಿಯೂ ಅವರು ಅವರೇ ಎಂದು ತಿಳಿಯಬೇಕು.

ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದು, ಮೇಳಗಳು ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ಮುಗಿಸಿದ ಮೇಲೆ ಮಾವ ಮನೆಯಲ್ಲಿ ಸಿಗುತ್ತಾರೆ. ಮಳೆಗಾಲದ ಮೋಡದ ಬೆಳಕೂ ಫೋಟೋಕ್ಕೆ ಬಹಳ ಒಳ್ಳೆಯದು. ಕಡು ನೆರಳು ಬೀಳುವುದಿಲ್ಲ. ಆದರೆ ಆ ಬೆಳಕಿನಲ್ಲಿ ಉಬ್ಬುತಗ್ಗುಗಳೂ ಅಡಗಿಬಿಡುತ್ತವೆ. ಹಾಗಾಗಿ ಕಿಟಕಿಯ ಪಕ್ಕ ಕೂರಿಸಿ, ಒಂದೇ ಕಡೆಯಿಂದ ಬೆಳಕು ಬೀಳುವಂತೆ ಇನ್ನೊಂದು ಸರಣಿ ತೆಗೆದೆ. ಮೊಬೈಲನ್ನು ಮೊಳದಷ್ಟು ದೂರದಲ್ಲಿ ಹಿಡಿದರೆ ಮೂಗು ಮುಂದೆ ಬಂದು ಕಿವಿಗಳು ಕೆನ್ನೆಯ ಹಿಂದೆ ಸರಿಯುತ್ತವೆ. ಇದಕ್ಕೆ ಕಾರಣ ಲೆನ್ಸ್ ಎನ್ನುವವರೇ ಹೆಚ್ಚು. ನಿಜವಾದ ಕಾರಣ ದೂರ. ಎರಡು ಮೀಟರಿಗಿಂತ ಹಿಂದೆ ನಿಂತು 85 ಮಿಲಿಮೀಟರ್ ಲೆನ್ಸ್ ಬಳಸಿದೆ. ಬ್ಲೆಂಡರ್‌ನ ನೋಟ ತಾನಾಗಿ 50ರಲ್ಲಿ ತೆರೆದುಕೊಳ್ಳುತ್ತದೆ, ಅದನ್ನೂ 85ಕ್ಕೆ ಏರಿಸಿ, ಕ್ಯಾಮೆರಾವನ್ನು ಅಷ್ಟೇ ದೂರಕ್ಕೆ ಸರಿಸಿಕೊಂಡೆ. ಇಲ್ಲದಿದ್ದರೆ ಫೋಟೋದಲ್ಲಿರುವ ಮುಖಕ್ಕೂ ಪರದೆಯ ಮುಖಕ್ಕೂ ತಾಳೆಯೇ ಆಗುವುದಿಲ್ಲ. ಒಳಗಣ್ಣಿನ ಮೂಲೆಗಳ ನಡುವಿನ ಅಂತರ, ಕಿವಿಯ ಎತ್ತರ, ಗಲ್ಲದ ಅಗಲವನ್ನು ಕ್ಯಾಲಿಪರಿನಲ್ಲಿ ಅಳೆಯುತ್ತಿದ್ದಾಗ ಮಾವ, "ಹೊಸ ಕಿರೀಟ ಮಾಡಿಸುತ್ತೀಯೋ ಮಾರಾಯ?" ಎಂದರು.

ಕಣ್ಣಿಗೆ ಹೆಚ್ಚು ಸಮಯ ಹೋಗಿದೆ, ಹೋಗಲೇಬೇಕು. ಮೊದಲು ಗೋಲಿಯನ್ನು ಇಟ್ಟುಕೊಳ್ಳಬೇಕು. ವಯಸ್ಕರ ಕಣ್ಣುಗುಡ್ಡೆಯ ವ್ಯಾಸ ಸುಮಾರು 24 ಮಿಲಿಮೀಟರ್, ಜನರಿಂದ ಜನರಿಗೆ ಹೆಚ್ಚು ಬದಲಾಗದ ಅಳತೆ ಅದು. ರೆಪ್ಪೆಗಳನ್ನು ಅದರ ಮೇಲೆ ಹೊದಿಸಬೇಕು. ರೆಪ್ಪೆಯ ಅಂಚಿಗೆ ದಪ್ಪವಿದೆ, ಆ ಸಣ್ಣ ಮೆಟ್ಟಿಲು ಕಾಣದಿದ್ದರೆ ಕಣ್ಣು ಮುಖದ ಮೇಲೆ ಅಂಟಿಸಿದ ಚಿತ್ರವಾಗುತ್ತದೆ. ಕಣ್ಣಿನ ಹೊರ ಮೂಲೆ ಒಳ ಮೂಲೆಗಿಂತ ಹಿಂದಕ್ಕಿರುತ್ತದೆ. ನೇರ ಎದುರಿನ ಫೋಟೋದಲ್ಲಿ ಇದು ಗೊತ್ತೇ ಆಗುವುದಿಲ್ಲ, ತಲೆಯನ್ನು ಮೇಲಿನಿಂದ ನೋಡಿ ತಿದ್ದಬೇಕು. ಮಾವನ ಎಡ ರೆಪ್ಪೆ ತುಸು ಇಳಿದಿದೆ, ಕಪ್ಪುಗುಡ್ಡೆಯ ಮೇಲಂಚನ್ನು ಬಲಗಣ್ಣಿಗಿಂತ ಹೆಚ್ಚು ಮುಚ್ಚುತ್ತದೆ. ಬಲಗೆನ್ನೆಯ ಕೆಳಭಾಗ ಜೋತಿದೆ. ಎಲೆಯಡಿಕೆ ಯಾವಾಗಲೂ ಆ ಬದಿಯಲ್ಲಿಯೇ. ಎಡ ಬಲ ಒಂದೇ ಸಮನೆ ಕಡೆಯುವ ಸಿಮೆಟ್ರಿಯನ್ನು ಇಂಥ ಮುಖಕ್ಕೆ ಬೇಗ ನಿಲ್ಲಿಸಬೇಕು. ಅದು ಇರುವಷ್ಟು ಹೊತ್ತು ಯಾರದೋ ತಮ್ಮನನ್ನು ಮಾಡುತ್ತಿರುತ್ತೇವೆ.

ಈಗ ಅತ್ತೆಯ ಸಿಟ್ಟಿನ ಪ್ರಶ್ನೆ. ಫೋಟೋ ತೆಗೆಯುವಾಗ ಮುಖವನ್ನು ಸಡಿಲ ಬಿಡಿ ಎಂದಿದ್ದೆ. ಸಡಿಲ ಬಿಟ್ಟ ಮಾವನ ಹುಬ್ಬುಗಳ ಒಳತುದಿ ಕೆಳಗಿಳಿಯುತ್ತದೆ, ತುಟಿಯ ಕೊನೆಗಳೂ ಇಳಿಯುತ್ತವೆ. ಅಳತೆಯಲ್ಲಿ ಒಂದು ಮಿಲಿಮೀಟರೂ ಆಚೀಚೆಯಿಲ್ಲ. ಆದರೆ ಆ ಖಾಲಿ ಮುಖವನ್ನು ಮನೆಯವರು ಯಾವತ್ತು ನೋಡಿದ್ದಾರೆ? ಅವರಿಗೆ ಗೊತ್ತಿರುವುದು ಮಾತಾಡುವ, ಕೇಳುವ, ತಮಾಷೆಗೆ ಕಾಯುವ ಮುಖ. ಹಾಗಾಗಿ ಮೂಲ ತಲೆಯನ್ನು ಹಾಗೆಯೇ ಇಟ್ಟು, ಇನ್ನೊಂದು ಪ್ರತಿಯಲ್ಲಿ ಆಟದಲ್ಲಿ ಅರ್ಥ (ಪಾತ್ರದ ಮಾತು) ಹೇಳಲು ಬಾಯಿ ತೆರೆಯುವ ಮುನ್ನದ ಕ್ಷಣವನ್ನು ಹಿಡಿಯುತ್ತಿದ್ದೇನೆ: ಕೆಳದುಟಿ ತುಸು ಒಳಕ್ಕೆ, ಬಲ ಹುಬ್ಬು ಮೇಲಕ್ಕೆ, ಗಲ್ಲದ ಚರ್ಮದಲ್ಲಿ ಸಣ್ಣ ಬಿಗಿ. ಇಷ್ಟಕ್ಕೇ ಹೋಲಿಕೆ ಎಷ್ಟೋ ಪಾಲು ಹೆಚ್ಚಿತು.

ಸುಕ್ಕು ಮತ್ತು ರೋಮಕೂಪಗಳನ್ನು ಮುಟ್ಟಿಲ್ಲ. ಎಲ್ಲರಿಗೂ ಅವುಗಳ ಮೇಲೆಯೇ ಆಸೆ, ನನಗೂ. ಆ ಆಸೆ ಹೆಚ್ಚಾದಾಗ ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲಿಗೆ ಹೋಗಿ ತಲೆಯೆತ್ತಿ ನಿಲ್ಲುತ್ತೇನೆ. ಇಟಲಿಯಿಂದ ಬಂದ ಆಂಟೋನಿಯೋ ಮೊಸ್ಕೆನಿ 1899ರಿಂದ 1901ರವರೆಗೆ ಬರೆದ ಚಿತ್ರಗಳು ಅಲ್ಲಿವೆ. ಛಾವಣಿಯ ಮುಖಗಳ ಚರ್ಮದ ಗೆರೆ ಕೆಳಗೆ ನಿಂತವರಿಗೆ ಕಾಣಿಸುವುದೇ ಇಲ್ಲ. ಹಣೆ ಎಲ್ಲಿ ತಿರುಗಿ ಕಣತಲೆಯಾಯಿತು, ಕೆನ್ನೆಯ ಬೆಳಕು ಎಲ್ಲಿ ಮುಗಿಯಿತು, ಅಷ್ಟರಿಂದಲೇ ಒಬ್ಬರು ಇನ್ನೊಬ್ಬರಲ್ಲ ಎಂದು ತಿಳಿಯುತ್ತದೆ.

ತಲೆಯ ಮೇಲ್ಮೈಯಾಗುವ ಜಾಲವನ್ನು ಹೊಸದಾಗಿ ಹೆಣೆದಾಗಿದೆ, ಸುಮಾರು 12,000 ಚೌಕಗಳು. ಸಣ್ಣ ವಿವರಗಳಿಗಾಗಿ ಚೌಕಗಳನ್ನು ಒಡೆಯುವ ಪ್ರತಿ ಹಂತಕ್ಕೂ ಸಂಖ್ಯೆ ನಾಲ್ಕು ಪಟ್ಟಾಗುವುದರಿಂದ ನಾಲ್ಕನೆಯ ಹಂತಕ್ಕೆ 30 ಲಕ್ಷ ದಾಟುತ್ತದೆ. ನನ್ನ ಲ್ಯಾಪ್‌ಟಾಪಿನ ಫ್ಯಾನು ಅಲ್ಲಿಂದ ಮುಂದೆ ಚೆಂಡೆಗೆ ಪೈಪೋಟಿ ಕೊಡುತ್ತದೆ.

ಮುಂದಿನ ಕೆಲಸ ಚುಟ್ಟಿ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಇಡುವ ಆ ಬಿಳಿ ಮುಳ್ಳುಗಳನ್ನು ಬಣ್ಣದ ಪದರದಲ್ಲಿ ಬರೆದರೆ ಸಾಲದು. ಅವು ಎದ್ದು ನಿಲ್ಲುತ್ತವೆ, ರಂಗದ ಬೆಳಕಿನಲ್ಲಿ ಒಂದೊಂದಕ್ಕೂ ತನ್ನದೇ ನೆರಳಿದೆ. ಆದ್ದರಿಂದ ಅವುಗಳನ್ನು ಬೇರೆಯೇ ಆಕಾರಗಳಾಗಿ ಮಾಡಿ ಚರ್ಮದ ಮೇಲೆ ನೆಡಬೇಕು. ತಲೆಗೆ ಬಟ್ಟೆ ಬಿಗಿದಾಗ ಹುಬ್ಬಿನ ಹೊರತುದಿ ಮೇಲಕ್ಕೆ ಎಳೆಯುತ್ತದೆ, ಅದಕ್ಕೊಂದು ಪ್ರತ್ಯೇಕ ಶೇಪ್ ಕೀ (ಅದೇ ಜಾಲದ ಬದಲಾದ ಆಕಾರ) ಬೇಕು. ಎಷ್ಟು ಎಳೆಯುತ್ತದೆ ಎಂದು ವೇಷ ಕಟ್ಟುವ ಚೌಕಿಯಲ್ಲಿಯೇ ನೋಡಬೇಕಾದ್ದರಿಂದ ದೀಪಾವಳಿ ಕಳೆದು ಆಟಗಳು ಶುರುವಾಗುವವರೆಗೆ ಆ ಭಾಗ ಬಾಕಿ. ಅಲ್ಲಿಯವರೆಗೆ ಕಿವಿಗಳನ್ನು ಮುಗಿಸುತ್ತೇನೆ; ಎಡಗಿವಿಯ ಹಾಲೆ ಇನ್ನೂ ಯಾರದೋ ಆಗಿದೆ.