ಎಲ್ಲ ಎಂಸಿಬಿ ಇಳಿಸಿದರೂ ಮಿಣುಕುತ್ತಿದ್ದ ಮೀಟರ್

ನಾನು ಬೆಂಗಳೂರಿನಲ್ಲಿ ಹದಿನಾರು ವರ್ಷದಿಂದ ಮನೆ ವೈರಿಂಗ್ ಕೆಲಸ ಮಾಡುತ್ತಿದ್ದೇನೆ. 2025ರ ಫೆಬ್ರುವರಿಯಿಂದ ಇಲ್ಲಿ ಹೊಸ ಕನೆಕ್ಷನ್‌ಗೆ ಸ್ಮಾರ್ಟ್ ಮೀಟರ್ ಕಡ್ಡಾಯ ಆಯಿತಲ್ವಾ, ಆಮೇಲೆ "ಮೀಟರ್ ಜೋರಾಗಿ ಓಡ್ತಿದೆ, ಬಂದು ನೋಡಿ" ಅನ್ನೋ ಫೋನ್ ಜಾಸ್ತಿಯಾಗಿದೆ. ಹೆಚ್ಚಿನ ಮನೆಗಳಲ್ಲಿ ಗೀಸರ್ ಅಥವಾ ಹಳೆ ಫ್ರಿಡ್ಜ್ ಕಾರಣ. ಒಂದು ಮನೆಯಲ್ಲಿ ಮಾತ್ರ ಹಾಗಿರಲಿಲ್ಲ. ಅಲ್ಲಿ ನಾನೇ ಮೊದಲು ತಪ್ಪು ಹೇಳಿ ಬಂದೆ.

ಕೆಳಗೆ ಓನರ್ ಇದ್ದರು. ಮೇಲೆ ಹೊಸದಾಗಿ ಕಟ್ಟಿದ ಮನೆಗೆ ಒಂದು ಚಿಕ್ಕ ಸಂಸಾರ ಬಾಡಿಗೆಗೆ ಬಂದಿತ್ತು. ಗಂಡ ಹೆಂಡತಿ ಇಬ್ಬರೂ ಬೆಳಿಗ್ಗೆ ಕೆಲಸಕ್ಕೆ ಹೋದರೆ ರಾತ್ರಿಯೇ ಬರೋದು, ಆದರೂ ಬಿಲ್ ಮಾತ್ರ ಏರುತ್ತಲೇ ಇತ್ತು. ನಾನು ಹೋಗಿ ಮೇನ್ ಸ್ವಿಚ್ ಆಫ್ ಮಾಡಿದೆ. ಮೀಟರ್‌ನ ಕೆಂಪು ದೀಪ ಮಿಣುಕೋದು ನಿಂತಿತು. "ಮೀಟರ್ ಸರಿಯಾಗಿದೆ, ನಿಮ್ಮ ಬಳಕೆಯೇ ಅಷ್ಟು" ಅಂದುಬಿಟ್ಟೆ. ಅವರು ಪಾಪ ನನ್ನ ಮಾತು ನಂಬಿ ಒಂದು ತಿಂಗಳು ಗೀಸರ್ ಬಿಟ್ಟು ಗ್ಯಾಸ್ ಮೇಲೆ ನೀರು ಕಾಯಿಸಿಕೊಂಡರು.

ಯುಗಾದಿಗೆ ಊರಿಗೆ ಹೊರಡುವಾಗ ಅವರು ಒಂದು ಜಾಣ ಕೆಲಸ ಮಾಡಿದ್ದರು. ಫ್ರಿಡ್ಜ್ ಖಾಲಿ ಮಾಡಿ, ಸ್ವಿಚ್ಚುಗಳನ್ನೆಲ್ಲ ಆಫ್ ಮಾಡಿ, ಮೀಟರ್ ಡಿಸ್‌ಪ್ಲೇಯ ಫೋಟೊ ತೆಗೆದಿದ್ದರು. ನಾಲ್ಕು ದಿನ ಬಿಟ್ಟು ಬಂದು ನೋಡಿದರೆ 7 ಯೂನಿಟ್ ಜಾಸ್ತಿ! ಎರಡೂ ಫೋಟೊ ನನಗೆ ಕಳಿಸಿದರು. ಅದನ್ನು ನೋಡಿ ನನಗೆ ಆ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಮರುದಿನ ಹೋದೆ. ಈ ಸಲ ಮೇನ್ ಆನ್ ಇಟ್ಟು, ಅದರ ಕೆಳಗಿನ ಎಂಸಿಬಿಗಳನ್ನು, ಅಂದರೆ ಒಂದೊಂದು ಲೈನಿಗೂ ಇರುವ ಚಿಕ್ಕ ಬ್ರೇಕರ್ ಸ್ವಿಚ್ಚುಗಳನ್ನು ಮಾತ್ರ ಒಂದೊಂದಾಗಿ ಇಳಿಸಿದೆ. ಎಲ್ಲ ಇಳಿಸಿದ ಮೇಲೂ ದೀಪ ಮಿಣುಕುತ್ತಿತ್ತು. ಮೀಟರ್ ಮೇಲೆ 3200 ಅಂತ ಬರೆದಿತ್ತು, ಅಂದರೆ 3200 ಸಲ ಮಿಣುಕಿದರೆ ಒಂದು ಯೂನಿಟ್. ಅಂಥ ಮೀಟರ್‌ನಲ್ಲಿ ಒಂದು ಮಿಣುಕಿನಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡ್ ಅಂತ ನೋಡಿ, 1125ನ್ನು ಅದರಿಂದ ಭಾಗಿಸಿದರೆ ಆ ಹೊತ್ತಿಗೆ ಎಷ್ಟು ವಾಟ್ ಓಡುತ್ತಿದೆ ಅಂತ ಸಿಗುತ್ತದೆ. ಫೋನಿನ ಸ್ಟಾಪ್‌ವಾಚ್ ಹಿಡಿದು ನೋಡಿದೆ, 15 ಸೆಕೆಂಡ್. ಅಂದರೆ ಏನೂ ಓಡದ ಮನೆಯಲ್ಲಿ 75 ವಾಟ್. ಅಷ್ಟರಲ್ಲಿ ಕೆಳಗಿನ ಮನೆಯಲ್ಲಿ ಯಾರೋ ಮಿಕ್ಸಿ ಹಾಕಿದರು. ನನ್ನ ಕಣ್ಣೆದುರೇ ಮೇಲಿನ ಮನೆಯ ಮೀಟರ್ ಬೇಗ ಬೇಗ ಮಿಣುಕತೊಡಗಿತು. ಮಿಕ್ಸಿ ನಿಂತಿತು, ಇದೂ ಮೊದಲಿನ ಹಾಗಾಯಿತು.

ಗೊತ್ತಾಯಿತು. ಎರಡೂ ಮನೆಯ ನ್ಯೂಟ್ರಲ್, ಅಂದರೆ ಕರೆಂಟ್ ವಾಪಸ್ ಹೋಗುವ ತಂತಿ, ಕೂಡಿಕೊಂಡಿದೆ.

ಹಳೆಯ ಚಕ್ರದ ಮೀಟರ್ ಸಾಮಾನ್ಯವಾಗಿ ಫೇಸ್, ಅಂದರೆ ಕರೆಂಟ್ ಒಳಗೆ ತರುವ ತಂತಿಯ ಕರೆಂಟ್ ಮಾತ್ರ ಅಳೆಯುತ್ತಿತ್ತು. ಈಗಿನ ಸಿಂಗಲ್ ಫೇಸ್ ಮೀಟರ್‌ಗಳು, ಸ್ಮಾರ್ಟ್ ಮೀಟರ್ ಕೂಡ, ಫೇಸ್ ಮತ್ತು ನ್ಯೂಟ್ರಲ್ ಎರಡನ್ನೂ ನೋಡುತ್ತವೆ. ಎರಡರಲ್ಲಿ ವ್ಯತ್ಯಾಸ ಬಂದರೆ ಯಾವುದು ಹೆಚ್ಚೋ ಅದನ್ನೇ ಲೆಕ್ಕಕ್ಕೆ ಹಿಡಿಯುತ್ತವೆ. ಕರೆಂಟ್ ಕದಿಯೋದನ್ನು ತಡೆಯೋಕೆ ಮಾಡಿದ ವ್ಯವಸ್ಥೆ ಇದು, ತಪ್ಪಲ್ಲ. ಆದರೆ ಎರಡು ಮನೆಯ ನ್ಯೂಟ್ರಲ್ ಎಲ್ಲೋ ಒಂದು ಕಡೆ ಸೇರಿದರೆ, ಕೆಳಗಿನ ಮಿಕ್ಸಿಯ ಕರೆಂಟ್ ವಾಪಸ್ ಹೋಗುವಾಗ ಎರಡು ದಾರಿ ಹಿಡಿಯುತ್ತದೆ, ಒಂದಿಷ್ಟು ಕೆಳಗಿನ ಮೀಟರ್ ಮೂಲಕ, ಇನ್ನೊಂದಿಷ್ಟು ಮೇಲಿನದರ ಮೂಲಕ. ಕೆಳಗಿನ ಮೀಟರ್ ತನ್ನ ಫೇಸ್ ನೋಡಿ ಪೂರ್ತಿ ಲೆಕ್ಕ ಬರೆಯುತ್ತದೆ. ಮೇಲಿನದು ನ್ಯೂಟ್ರಲ್ ನೋಡಿ ಇನ್ನೊಂದು ಸಲ ಬರೆಯುತ್ತದೆ. ಬಳಸಿದ್ದು ಒಂದು ಸಲ, ಬಿಲ್ ಎರಡು ಕಡೆ! ನಾನು ಮೊದಲ ಸಲ ಇಳಿಸಿದ್ದು ಡಬಲ್ ಪೋಲ್ ಮೇನ್. ಅದು ನ್ಯೂಟ್ರಲ್ಲನ್ನೂ ಕಡಿಯುತ್ತದೆ, ಹಾಗಾಗಿ ದೀಪ ನಿಂತಿತ್ತು, ನಾನು ಮೋಸ ಹೋದೆ.

ಹುಡುಕಿದಾಗ ಮೆಟ್ಟಿಲ ಪಕ್ಕದ ಜಂಕ್ಷನ್ ಬಾಕ್ಸ್‌ನಲ್ಲಿ ಸಿಕ್ಕಿತು. ಮೆಟ್ಟಿಲ ದೀಪಕ್ಕೆ ಫೇಸ್ ಕೆಳಗಿನಿಂದ ಬಂದಿತ್ತು, ಆದರೆ ಎರಡೂ ಮನೆಯ ಕಪ್ಪು ನ್ಯೂಟ್ರಲ್ ತಂತಿಗಳನ್ನು ಒಟ್ಟಿಗೆ ಸುತ್ತಿ ಟೇಪ್ ಹಾಕಿದ್ದರು. ನನಗೆ ಹೆಚ್ಚು ಬೇಜಾರಾಗಿದ್ದು ಮೇಲಿನ ಮನೆಯ ಡಿಬಿ, ಅಂದರೆ ಎಂಸಿಬಿಗಳಿರುವ ಪೆಟ್ಟಿಗೆ ತೆಗೆದಾಗ. ಆರ್‌ಸಿಸಿಬಿ ಅನ್ನೋ ಸುರಕ್ಷಾ ಸ್ವಿಚ್ ಇತ್ತು, ಆದರೆ ಲೈನ್ ಅದರ ಮೂಲಕ ಹೋಗದ ಹಾಗೆ ಬೈಪಾಸ್ ಮಾಡಿದ್ದರು. ಫೇಸ್, ನ್ಯೂಟ್ರಲ್ ನಡುವೆ ಇಂಥ ವ್ಯತ್ಯಾಸ ಬಂದರೆ ಟ್ರಿಪ್ ಆಗಿ ಕರೆಂಟ್ ಕಡಿಯೋದೇ ಅದರ ಕೆಲಸ. ಅದು ಪದೇ ಪದೇ ಟ್ರಿಪ್ ಆಗಿರಬೇಕು, ಕಾರಣ ಹುಡುಕುವ ಬದಲು ಅದರ ಬಾಯಿ ಮುಚ್ಚಿಸಿದ್ದಾರೆ. ದುಡ್ಡು ಹೋದರೆ ಹೋಯಿತು, ಆದರೆ ಒದ್ದೆ ಕೈಯಲ್ಲಿ ಗೀಸರ್ ಮುಟ್ಟಿ ಶಾಕ್ ಹೊಡೆದರೆ ಜೀವ ಉಳಿಸೋದು ಅದೇ ಅಲ್ವಾ?

ನ್ಯೂಟ್ರಲ್ ಬೇರೆ ಮಾಡೋಕೆ ಅರ್ಧ ದಿನ ಹಿಡಿಯಿತು. 30 ಮಿಲಿ ಆಂಪಿಯರ್ ಆರ್‌ಸಿಸಿಬಿಗೆ ಮತ್ತೆ ಲೈನ್ ಕೊಟ್ಟೆ. ಕೆಳಗೆ ಮಿಕ್ಸಿ, ಮೋಟರ್ ಎರಡನ್ನೂ ಹಾಕಿಸಿ ಮೇಲಿನ ಮೀಟರ್ ಮುಂದೆ ಹತ್ತು ನಿಮಿಷ ನಿಂತೆ. ಒಂದು ಸಲವೂ ಮಿಣುಕಲಿಲ್ಲ.

ಈಗ ಎರಡು ಮೀಟರ್ ಇರುವ ಯಾವ ಮನೆಗೆ ಹೋದರೂ ಮೊದಲು ಮಾಡೋದು ಇದೇ ಪರೀಕ್ಷೆ: ಮೇನ್ ಆನ್, ಎಂಸಿಬಿ ಎಲ್ಲ ಆಫ್, ಆಮೇಲೆ ಪಕ್ಕದ ಮನೆಯಲ್ಲಿ ಇಸ್ತ್ರಿ ಪೆಟ್ಟಿಗೆ ಹಾಕಿಸೋದು. ನೀವೂ ಮಾಡಿ ನೋಡಬಹುದು, ಯಾವ ತಂತಿಯನ್ನೂ ಮುಟ್ಟಬೇಕಿಲ್ಲ. ಡಿಬಿ ಒಳಗಿನ ಕೆಲಸ ಮಾತ್ರ ಲೈಸೆನ್ಸ್ ಇರುವವರಿಗೇ ಬಿಡಿ.

ಓನರ್ ಒಳ್ಳೆಯವರು. ವಿಷಯ ತಿಳಿದ ಮೇಲೆ ಬಿಲ್‌ನಲ್ಲಿ ಹೆಚ್ಚಿಗೆ ಹೋದಷ್ಟು ದುಡ್ಡನ್ನು ಮುಂದಿನ ತಿಂಗಳ ಬಾಡಿಗೆಯಲ್ಲಿ ಹಿಡಿದುಕೊಂಡು ಕೊಡಿ ಅಂತ ಅವರೇ ಹೇಳಿದರಂತೆ. ನಾನು ಎರಡನೇ ಸಲದ ಕೂಲಿ ತೆಗೆದುಕೊಳ್ಳಲಿಲ್ಲ.